ಯಾರ್ರೋ ಅದು, ಆ ಬಾಗಿಲು ಹಾಕ್ರೋ

ರಾಜಧಾನಿಯ ಬಟ್ಟಲುಶಾಲೆಯಿಂದ,
ಹಳೆಯ ಚಕ್ರವರ್ತಿಗಳ ಆಳ್ವಿಕೆಯ ಕೊನೆಯ ತಿಂಗಳು, ಅಥವಾ ಹೊಸಬರ ಮೊದಲನೆಯದು. ಯಾವುದೆಂದು ಅರಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಉತ್ತರ ಕಣಿವೆಯ ಆಲಿಕೆಮನೆಯಲ್ಲಿ ಸೇರಿರುವ ಸಭೆಗೆ ನನ್ನ ನಮಸ್ಕಾರಗಳು. ಎಲ್ಲಿಂದಲೋ ಬಂದ ನನ್ನ ಶಿಷ್ಯೆಯನ್ನು ಮನೆಮಗಳಂತೆ ನೋಡಿಕೊಂಡು, ಅವಳ ಕಿವಿಯ ಮೇಲೆ ನಂಬಿಕೆಯಿಟ್ಟ ಹಿರಿಯರಿಗೆ ನಾನು ಋಣಿ. ಮುಂದಿನ ದಿನಗಳಲ್ಲಿ ಅವಳ ಪಕ್ಕದಲ್ಲಿ ನಿಲ್ಲುವ ಸಂದರ್ಭ ಬಂದರೆ ದಯವಿಟ್ಟು ನಿಲ್ಲಿ.

ಮಗಳೇ, ಇಷ್ಟನ್ನು ಸಭೆಗೆ ಓದಿ ಹೇಳು. ಉಳಿದದ್ದು ನಿನಗೆ ಮಾತ್ರ. ಬರೆಯಲು ತಡವಾಯಿತು, ಕ್ಷಮಿಸು. ಶಿಷ್ಯೆಯೂ ಸೊಸೆಯೂ ಆದವಳಿಗೆ ಬರೆಯುವಾಗ ಗುರುವಿನ ಕೈಯಿಂದ ಬರೆಯಲೋ, ಅತ್ತೆಯ ಕೈಯಿಂದ ಬರೆಯಲೋ ಎಂದು ಯೋಚಿಸುತ್ತ ಕುಳಿತುಬಿಟ್ಟೆ. ನಿನ್ನ ಗಂಡ ಆರೋಗ್ಯವಾಗಿದ್ದಾನೆ. ಹೊಸ ಮೇಲಂಗಿ ಹೊಲಿಸಿಕೊಂಡಿದ್ದಾನೆ.

ಶಾಲೆಗೆ ಈ ವರ್ಷ ಬಂದ ಮಕ್ಕಳು ಚುರುಕಾಗಿದ್ದಾರೆ. ಮೊದಲ ದಿನ ನಿನಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ: ಚಕ್ರವರ್ತಿಗಳ ಮಾತನ್ನು ಈ ಮಣ್ಣಿನ ಬಟ್ಟಲು ಹಿಡಿದಿಡುತ್ತದೆ. ಮುಚ್ಚಳ ತೆಗೆದಾಗ ಒಂದೇ ಸಲ ನುಡಿದು ಬರಿದಾಗುತ್ತದೆ. ಆದರೆ ನುಡಿದ ಮಾತ್ರಕ್ಕೆ ಅದು ಆಜ್ಞೆಯಲ್ಲ. ಸಭೆಯ ಎದುರು ಆಲಿಸುವವರು "ಕೇಳಿಸಿತು" ಎಂದಮೇಲೆಯೇ ಆಜ್ಞೆ. ಹೀಗೆಂದಾಗ ಹಿಂದಿನ ಸಾಲಿನಿಂದ ಒಬ್ಬಳು, "ಹಾಗಾದ್ರೆ ದೊಡ್ಡವರು ಯಾರು ಅಜ್ಜೀ? ಹೇಳೋರಾ, ಕೇಳೋರಾ?" ಎಂದಳು. ಇಂಥ ಮಕ್ಕಳಿರುವವರೆಗೆ ನನಗೆ ಈ ದೇಶದ ಮೇಲಿನ ಆಸೆ ಬತ್ತುವುದಿಲ್ಲ. ಅರಮನೆಯ ಮೇಲೆ ಮಾತ್ರ ಈಗ ಯಾವ ಆಸೆಯೂ ಉಳಿದಿಲ್ಲ. ನಡೆದದ್ದನ್ನು ಕೇಳು.

ಚಕ್ರವರ್ತಿಗಳು ಹಾಸಿಗೆ ಹಿಡಿದಾಗ, ಉತ್ತರಾಧಿಕಾರಿ ಯಾರೆಂದು ಅವರ ಬಾಯಿಂದಲೇ ಬಟ್ಟಲಿಗೆ ನುಡಿಸಬೇಕೆಂದು ನನ್ನನ್ನು ಕರೆಸಿದರು. ನಾನು ಬಟ್ಟಲು ಹಿಡಿದು ಹಾಸಿಗೆಯ ಪಕ್ಕ ನಿಂತಿದ್ದೆ. ಮಂತ್ರಿಗಳು ಸಂತೆಗೆ ಬಂದವರಂತೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳನುಗ್ಗಿದರು. ಬಾಗಿಲು ಹಾರುಹೊಡೆದಿತ್ತು. ಮುದುಕರು ಕಣ್ಣು ತೆರೆದರು. ಎಲ್ಲರೂ ಕತ್ತು ಚಾಚಿದರು.

"ಯಾರ್ರೋ ಅದು, ಆ ಬಾಗಿಲು ಹಾಕ್ರೋ! ಗಾಳಿ ಹೊಡೀತಿದೆ."

ಪ್ರಧಾನಮಂತ್ರಿ ಧಾವಿಸಿ ಬಂದು ಬಟ್ಟಲಿನ ಮುಚ್ಚಳ ಹಾಕಿಬಿಟ್ಟ. ಕೋಣೆಯ ಬಾಗಿಲು ಹಾಕಬೇಕೆಂದು ಅವನಿಗೆ ಹೊಳೆಯಲಿಲ್ಲ. ಚಕ್ರವರ್ತಿಗಳು ಮತ್ತೆ ಮಾತಾಡಲಿಲ್ಲ.

ತುಂಬಿದ ಸಭೆಯಲ್ಲಿ ಬಟ್ಟಲು ತೆರೆದಾಗ ಅದೇ ಮಾತು, ಅದೇ ನಡುಕದೊಂದಿಗೆ ಹೊರಬಂತು. ನಾನು ತಲೆ ತಗ್ಗಿಸಿದೆ. ಪ್ರಧಾನಮಂತ್ರಿ ಕಣ್ಣು ಒರೆಸಿಕೊಳ್ಳುತ್ತ, "ಎಂಥಾ ಗಂಭೀರವಾದ ಮಾತು! ಇಡೀ ಸಾಮ್ರಾಜ್ಯಾನೇ ಅದರೊಳಗಿದೆ" ಎಂದ.

"ಸ್ವಾಮಿ, ಅವರಿಗೆ ಚಳಿಯಾಗಿತ್ತು. ನಾನು ಪಕ್ಕದಲ್ಲೇ ಇದ್ದೆ," ಎಂದೆ.

"ಅಜ್ಜೀ, ಚಳಿ ಆಗೋದು ನಿಮ್ಮಂಥೋರಿಗೆ. ಚಕ್ರವರ್ತಿಗಳಿಗಲ್ಲ."

ಆಮೇಲೆ ವಿಚಾರಣೆ ನಡೆಯಿತು. ಅಪ್ಪಣೆಯನ್ನು ಪಾಲಿಸಿದವನೇ ಉತ್ತರಾಧಿಕಾರಿ ಎಂದು ತೀರ್ಮಾನಿಸಿದರು. ಹಾಗಾದರೆ ಅಂದು ಬಾಗಿಲು ಹಾಕಿದವರು ಯಾರು? ಹಿರಿಯ ರಾಜಕುಮಾರನೆಂದು ಗೊತ್ತಾಯಿತು. ನಮ್ಮ ಶಾಲೆಯ ಮಕ್ಕಳು "ಗೊಣಗಣ್ಣ" ಎಂದು ಕರೆಯುವವನೇ ಅವನು. ಅವನು ಬಾಗಿಲಿಗೆ ಒರಗಿ ಏನನ್ನೋ ಅಗಿಯುತ್ತಿದ್ದ. ಮೈಭಾರಕ್ಕೆ ಬಾಗಿಲು ತಾನಾಗಿ ಮುಚ್ಚಿಕೊಂಡಿತ್ತು. ಕಿರಿಯವನು ಬಿಡಲಿಲ್ಲ. "ಅವನು ಬರೀ ದೂಡಿದ್ದು, ಚಿಲಕ ಹಾಕಿದ್ದು ನಾನು!" ಎಂದು ಎದೆ ಬಡಿದುಕೊಂಡ. ಮುಚ್ಚುವುದೆಂದರೆ ದೂಡುವುದೋ, ಚಿಲಕ ಹಾಕುವುದೋ ಎಂದು ಸಾಮ್ರಾಜ್ಯದ ಮೇಧಾವಿಗಳೆಲ್ಲ ಸೇರಿ ಚರ್ಚಿಸಿದರು. ಬಡಗಿಯನ್ನು ಕರೆಸಿ ಕೇಳಿದರು. "ಚಿಲಕ ಕಿತ್ತುಹೋಗಿ ಯಾವ ಕಾಲವಾಯ್ತೋ, ದೊರೆ" ಎಂದ ತಪ್ಪಿಗೆ ಅವನನ್ನು ಹೊರಗೆ ಕಳಿಸಿದರು. ಕೊನೆಗೆ ಹಿರಿಯನಿಗೆ ಸಿಂಹಾಸನ, ಕಿರಿಯನಿಗೆ "ಚಿಲಕದೊಡೆಯ" ಎಂಬ ಬಿರುದು ಎಂದಾಯಿತು. ಅವನು ಕತ್ತಿನಲ್ಲಿ ಚಿನ್ನದ ಚಿಲಕ ನೇತುಹಾಕಿಕೊಂಡು ತಿರುಗುತ್ತಿದ್ದಾನೆ. ಎಮ್ಮೆಗೆ ಗಂಟೆ ಕಟ್ಟಿದರೆ ಹಾಲಾದರೂ ಸಿಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಚಕ್ರವರ್ತಿಗಳ ಮಾತಿಗೆ ಅರ್ಥ ಹೇಳುವುದಕ್ಕೆಂದೇ ಇರುವ ಅರ್ಥಶಾಲೆಯ ಯುವಪಂಡಿತನೊಬ್ಬ ಎದ್ದು ನಿಂತ. "ಬಾಗಿಲು ಅಂದ್ರೆ ಕೋಣೆಯ ಬಾಗಿಲು ಅಂತ ತಿಳಿಯೋದು ಸಣ್ಣತನ. ಗಾಳಿ ಬೀಸೋದು ಉತ್ತರದಿಂದ. ಸಾಮ್ರಾಜ್ಯಕ್ಕೆ ಉತ್ತರದಲ್ಲಿರೋ ಬಾಗಿಲು ಒಂದೇ, ಕಣಿವೆಯದು," ಎಂದ. ಸಭೆ ಆಹಾ ಎಂದಿತು. ಆ ಬಾಗಿಲಿನಾಚೆಗಿನ ಕುರಿಗಾಹಿಗಳು ಚಳಿಗಾಲದಲ್ಲಿ ಕೆಳಗಿಳಿದು ಬರುವುದನ್ನು ಸಹಿಸದ ಮಂತ್ರಿಗಳಿಗೆ ಇಂಥ ಅರ್ಥವೇ ಬೇಕಾಗಿತ್ತು. ಹಾಗಾಗಿ ಹೊಸ ಚಕ್ರವರ್ತಿಗಳ ಮೊದಲ ಆಜ್ಞೆ: ಉತ್ತರದ ಬಾಗಿಲನ್ನು ಮುಚ್ಚಿ, ಕಲ್ಲು ಕಟ್ಟಿ, ಆಚೆಯವರು ಆಚೆಯೇ ಇರಲಿ.

ಬಟ್ಟಲಿನ ಮಣ್ಣು ತರಲು ನೀನು ನಿನ್ನ ಶಾಲೆಯ ಮಕ್ಕಳನ್ನು ಆಚೆಯ ಹೊಳೆದಂಡೆಗೆ ಕಳಿಸಿದ್ದೀಯೆಂದು ನಿನ್ನ ಹಿಂದಿನ ಪತ್ರದಲ್ಲಿ ಓದಿದ್ದೆ. ನನ್ನ ಮೊಮ್ಮಗಳು ಪುಟ್ಟಿಯೂ ಅವರೊಡನೆ ಹೋಗಿದ್ದಾಳೆ. ಹಿಮ ಬಿದ್ದರೆ ಆ ದಂಡೆಯಲ್ಲಿ ಯಾರೂ ಬದುಕಲಾರರು. ಇದನ್ನು ಹೇಳಲು ಪ್ರಧಾನಮಂತ್ರಿಯ ಬಳಿಗೆ ಹೋದೆ. "ಮಕ್ಕಳು ತಾನೇ, ಇನ್ನೂ ಹುಟ್ತಾವೆ ಬಿಡಿ" ಎಂದು ಉಗುರು ಕತ್ತರಿಸಿಕೊಳ್ಳುತ್ತ ಹೇಳಿದ.

ಈಗ ಗಮನವಿಟ್ಟು ಓದು. ಆಜ್ಞೆಯನ್ನು ತುಂಬಿಸುವಾಗ ಬಟ್ಟಲು ಹಿಡಿದವಳು ನಾನೇ. ಗೊಣಗಣ್ಣನಿಗೆ ಬಾಲ್ಯದಲ್ಲಿ ಉಚ್ಚಾರ ಕಲಿಸಿದವಳೂ ನಾನೇ. ಅವನ ಮಾತು ಗಂಟಲಿನಿಂದ ತುಟಿಗೆ ಬರುವಷ್ಟರಲ್ಲಿ ದಣಿದು ಮಲಗಿಬಿಡುತ್ತದೆ. ಬಾಯಿ ತುಂಬ ತಿಂಡಿಯಿಟ್ಟುಕೊಂಡು ಅವನು ನುಡಿದದ್ದು "ಉತ್ತ... ಬಾಗ್... ಮು..." ಎಂದಷ್ಟೇ. ಇನ್ನೊಮ್ಮೆ ಹೇಳಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಧೈರ್ಯವಿತ್ತು, ಮನಸ್ಸಿರಲಿಲ್ಲ. ನೆಟ್ಟಗೆ ಮುಚ್ಚಳ ಹಾಕಿ ಮೇಣ ಹಚ್ಚಿದೆ.

ಬಟ್ಟಲು ಮೆರವಣಿಗೆಯಲ್ಲಿ, ಛತ್ರ ಚಾಮರಗಳೊಂದಿಗೆ ನಿಧಾನವಾಗಿ ಬರುತ್ತಿದೆ. ಈ ಪತ್ರ ತರುವವನು ಅದಕ್ಕಿಂತ ಮುಂಚೆ ನಿನ್ನನ್ನು ತಲುಪುತ್ತಾನೆ. ಸಭೆಯ ಎದುರು ಬಟ್ಟಲನ್ನು ತೆರೆ. ಶ್ರದ್ಧೆಯಿಂದ ಆಲಿಸು. ಬಟ್ಟಲಿನ ಕಾವಲಿಗೆ ಬರುವ ದಳಪತಿ ಕಣ್ಣು ಕೆಕ್ಕರಿಸುತ್ತಾನೆ, ಇಂಥದ್ದೇ ಆಜ್ಞೆಯೆಂದು ತಾನೇ ಅರಚುತ್ತಾನೆ. ಅವನ ಬಾಯಿಯ ಮಾತು ಆಜ್ಞೆಯಲ್ಲ. ನಿನ್ನ ಕಿವಿಗೆ ಸ್ಪಷ್ಟವಾಗಿ ಬೀಳದಿದ್ದರೆ, ಯಾವುದು ನಿಜವೋ ಅದನ್ನೇ ಹೇಳು: "ಕೇಳಿಸಲಿಲ್ಲ." ಆಗ ಬಟ್ಟಲು ಮತ್ತೆ ರಾಜಧಾನಿಗೆ ಹೋಗಿ ತುಂಬಿಸಿಕೊಂಡು ಬರಬೇಕು. ಒಡಕು ಬಟ್ಟಲುಗಳಿಗಾಗಿ ಹಿಂದಿನವರು ಮಾಡಿದ ಕಟ್ಟಳೆ ಅದು. ಒಡಕು ಬಾಯಿಗಳಿಗೂ ಸಲ್ಲುತ್ತದೆ. ಹಿರಿಯರನ್ನು ಕೇಳಿದರೆ ಅವರೂ ತಮಗೆ ಕೇಳಿಸಿದಷ್ಟನ್ನೇ ಹೇಳಲಿ. ಅಷ್ಟರೊಳಗೆ ಮಕ್ಕಳೂ ಕುರಿಗಾಹಿಗಳೂ ಒಳಗೆ ಬಂದು ಚಳಿ ಕಾಯಿಸಿಕೊಳ್ಳುತ್ತಿರಬೇಕು.

ನೀನು ಹೆದರುವವಳಲ್ಲ. ಹೆದರಿದರೂ ನಿನ್ನ ದನಿ ನಡುಗುವುದಿಲ್ಲ. ಅದನ್ನು ನಾನು ತಿದ್ದಿ ತೀಡಿದ್ದೇನೆ. ನಿನ್ನ ಕಿವಿ ತಣ್ಣಗಿರಲಿ, ಮಕ್ಕಳು ನೂರ್ಕಾಲ ಬಾಳಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಗುರು, ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಅರ್ಥಶಾಲೆಯ ಆ ಯುವಪಂಡಿತ ನಿನ್ನ ಗಂಡ. ನನ್ನ ಮಗ. ಹೊಸ ಮೇಲಂಗಿ ಆ ಅರ್ಥಕ್ಕೆ ಸಿಕ್ಕ ಉಡುಗೊರೆ. ಅವನಿಗೆ ಗೊತ್ತಿರಲಾರದೆಂದು ನನ್ನನ್ನು ನಾನೇ ನಂಬಿಸಿಕೊಂಡು, "ಪುಟ್ಟಿ ಆಚೆ ಇದ್ದಾಳೆ ಕಣೋ" ಎಂದೆ. "ಗೊತ್ತಮ್ಮ," ಎಂದ. "ಮಗಳಿದ್ದಾಳೆ ಅಂತ ಅರ್ಥ ಬದಲಾಯಿಸಿದ್ರೆ ನಾಳೆ ಯಾರು ನನ್ನನ್ನ ಪಂಡಿತ ಅಂತಾರೆ?" ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದೆ. ಬಡಿಸಿ ಮುಗಿಸಿದೆ, ತಾಯಿಯ ಕೈ ಎಷ್ಟು ನಾಚಿಕೆಗೆಟ್ಟದ್ದು ನೋಡು. ನಮ್ಮ ಮನೆಗೆ ಮರಳಿ ಬಾ ಎಂದು ನಿನಗೆ ಹೇಳುವ ಮುಖ ನನಗಿಲ್ಲ. ಪುಟ್ಟಿಗೆ ಏನು ಹೇಳಬೇಕೆಂಬುದನ್ನು ಆಮೇಲೆ ನೀನೇ ಯೋಚಿಸು. ಈಗ ಅಳುತ್ತ ಕೂರಬೇಡ. ಪತ್ರವನ್ನು ಒಲೆಗೆ ಹಾಕಿ ಏಳು, ಗಾಡಿ ಕಟ್ಟಿಸು, ಕಂಬಳಿಗಳನ್ನು ಹೇರಿಸು, ಹೊಳೆದಂಡೆಗೆ ಹೊರಡು.