ಗೋಡೆ ಹಾರಿದ ಅಜ್ಜ

ಮಾರ್ಚ್ ೧೧, ಬುಧವಾರ

ಆ ಗೋಡೆ ಹಾರಿದ ಅಜ್ಜ ಇವತ್ತೂ ನನ್ನ ಅಂಕ ತಿಂದ. ಭಾನುವಾರ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ. ಟೈಲರ್ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಕೂತಿರುವುದು ಇದಕ್ಕೇ. ಅಭ್ಯಾಸದ ಪ್ರಶ್ನೆಯಲ್ಲಿ ಕೊಟ್ಟ ನಿಯಮ: ಅನುಮತಿಯಿಲ್ಲದೆ ಬೇರೆಯವರ ಕಾಂಪೌಂಡ್ ಹಾರಿದವನಿಗೆ ಪರಿಹಾರವಿಲ್ಲ. ಅಜ್ಜ ಮೊಮ್ಮಗಳ ಚೆಂಡು ತರಲು ಹಾರಿದ, ನಾಯಿ ಕಚ್ಚಿತು. ನಾನು ಪರಿಹಾರ ಕೊಡಿಸಿದೆ. ಪಕ್ಕದಲ್ಲಿ 'ದೇರ್‌ಫೋರ್' ಎಂದೂ ಬರೆದೆ; ಆ ಕಾಲದಲ್ಲಿ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಅದೊಂದೇ.

ಹೋದ ವರ್ಷ ಇದೇ ಪರೀಕ್ಷೆ ಪಾಸಾದ ಸೊಸೆ ನಕ್ಕಳು. "ಮಾವ, ನೀವು ನ್ಯಾಯ ಕೊಟ್ರಿ, ಉತ್ತರ ಕೊಡ್ಲಿಲ್ಲ."

"ನಾಯೀನ ಕಟ್ಟಿಹಾಕಿರ್ಲಿಲ್ಲ ಕಣಮ್ಮ!"

"ಹಾಗಂತ ಎಲ್ಲಿ ಬರ್ದಿದೆ, ತೋರ್ಸಿ?"

ಕನ್ನಡಕ ಒರೆಸಿಕೊಂಡು ಹುಡುಕಿದೆ. ಎಲ್ಲೂ ಇಲ್ಲ. ನಾಯಿಯನ್ನು ಬಿಚ್ಚಿಬಿಟ್ಟವನು ನಾನೇ!

ಗಿರಾಕಿಯ ಮುಖ ನೋಡಿ ಎಂದಾದರೂ ಬಟ್ಟೆ ಕತ್ತರಿಸಿದ್ದೇನೆಯೇ? ಟೇಪು ಹೇಳಿದಷ್ಟೇ. ಇಲ್ಲೂ ಬರೆದದ್ದನ್ನಷ್ಟೇ ಅಳೆಯಬೇಕು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ನಾಲ್ಕು ದಿನ ಮೊದಲೇ ಬಂದಿದೆ.

ಸಂಜೆ ಬಿಡಿಸಿದ ಪ್ರಶ್ನೆಪತ್ರಿಕೆಯಲ್ಲಿ, ಕರಾರು ಮುಗಿದರೂ ಬಾಡಿಗೆ ಮನೆ ಬಿಡದ ವಿಧವೆಯೊಬ್ಬಳು ಬಂದಳು. ಪೆನ್ನು ಅವಳ ಕಡೆಗೇ ಹೊರಟಿತ್ತು, ತಡೆದೆ. ನಿಯಮವನ್ನು ಎರಡು ಸಲ ಓದಿ ಮಾಲೀಕನ ಕಡೆಗೇ ಗುರುತು ಹಾಕಿದೆ. ಸರಿಯುತ್ತರ! "ಈಗ ಪಾಸಾಗ್ತೀರಿ, ಬಿಡಿ ಮಾವ" ಅಂದಳು ಸೊಸೆ. ನನಗೂ ಹಾಗೇ ಅನ್ನಿಸುತ್ತಿದೆ.

ನನ್ನವಳು ಬದುಕಿದ್ದರೆ, "ಪಾಪ, ಆ ಹೆಂಗ್ಸನ್ನ ಬೀದಿಗೆ ಹಾಕಿ ಮಾರ್ಕ್ಸ್ ತಗೊಂಡ್ರಾ?" ಅನ್ನುತ್ತಿದ್ದಳು. ತಾಳೇ, ಮೊದಲು ಸೀಟು ಸಿಗಲಿ. ಕರಿಕೋಟನ್ನು ನಾನೇ ಹೊಲಿದುಕೊಳ್ಳುತ್ತೇನೆ. ಅದನ್ನು ತೊಟ್ಟ ದಿನ, ಆ ಹೆಂಗಸಿನ ಪರವಾಗಿ ಮೊದಲು ಎದ್ದು ನಿಲ್ಲುವವನು ನಾನೇ.