ನಾನು ಹಾಕದ ಸುಣ್ಣದ ಗೆರೆಗಳು

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ನಾನು ಬರೆದುಕೊಟ್ಟ ದೈಹಿಕ ಶಿಕ್ಷಣದ ಪಠ್ಯಕ್ರಮದ ಮಾದರಿಯನ್ನು ನೀವು ತಿದ್ದಿ ಕಳಿಸಿದ್ದು ತಲುಪಿತು. ಓಟ ಈಗ ನಿಂತಲ್ಲೇ ಓಟವಾಗಿದೆ; ಚೆಂಡೆಸೆತದ ಜಾಗಕ್ಕೆ ಚದುರಂಗ ಬಂದಿದೆ. ಎಲ್ಲವೂ ಬೆಂಚುಗಳ ನಡುವೆಯೇ ಮುಗಿಯುವಂಥವು. ಮಕ್ಕಳ ಸುರಕ್ಷತೆಗಾಗಿ ಎಂದಿದ್ದೀರಿ, ನಂಬಿದೆ.

ಆದರೆ ಇಂದು ಬೆಳಿಗ್ಗೆ ಮೈದಾನದ ತುಂಬ ನಾನು ಹಾಕದ ಸುಣ್ಣದ ಗೆರೆಗಳಿದ್ದವು: ಕೋಣೆಯಗಲದ ಚೌಕಗಳು, ಒಂದೊಂದಕ್ಕೂ ಬಾಗಿಲಿನಷ್ಟು ಬಿಟ್ಟ ಜಾಗ. ನನ್ನ ಸುಣ್ಣದ ಚೀಲ ಯಾರು ತೆಗೆದರು ಎಂದು ಗುಮಾಸ್ತರನ್ನು ಕೇಳಿದೆ. “ಕಟ್ಟಡದ ವಿಷ್ಯ ನಂಗೇನೂ ಗೊತ್ತಿಲ್ಲ ಸಾರ್” ಎಂದು ಹೆಗಲು ಮುಟ್ಟಿ ನೋಡಿಕೊಂಡರು. ನಾನು ಕಟ್ಟಡದ ಮಾತೇ ಎತ್ತಿರಲಿಲ್ಲ.

ಮಕ್ಕಳು ಆಗಲೇ ಚೌಕದಿಂದ ಚೌಕಕ್ಕೆ ಕುಪ್ಪಳಿಸುತ್ತಾ, “ಸಾರ್, ಇದ್ಯಾವ ಹೊಸ ಆಟ?” ಎಂದು ಕೇಳುತ್ತಿದ್ದಾರೆ. ದಯವಿಟ್ಟು ಅದರ ನಿಯಮಗಳನ್ನು ಬರೆದು ಕಳಿಸಿ.

ಇಂತಿ, ಇನ್ನೂ ಮೈದಾನದಲ್ಲೇ ಇರುವ,
ಆಟದ ಮೇಷ್ಟ್ರು