ಕಿವಿ ಇಲ್ಲ, ತಿಳಿಯಲಿಲ್ಲ

ಮನೆಯಿಂದ
ಮಂಗಳವಾರ, ಜೂನ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಈಗಲೂ ನಿಂತಲ್ಲೇ ನಾಲ್ಕು ತುತ್ತು ನುಂಗಿ ಓಡುತ್ತೀಯೋ? ಒಂಬತ್ತು ವರ್ಷದಿಂದ ಒಂದು ಫೋನ್ ನಂಬರನ್ನೂ ಕೊಡದ ಮಹಾರಾಯ ನೀನು. ಪುಣ್ಯಕ್ಕೆ ನಿನ್ನ ಗೆಳೆಯ ಸಿಕ್ಕಿದ, ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿಲ್ಲ. ಗುರುವಾರ ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದಾರೆ. ಬಲಗೈ ಏಳುವುದಿಲ್ಲ, ಮಾತು ಬಿದ್ದುಹೋಗಿದೆ. ಅದರ ಮೇಲೆ ಕಿವಿನೋವು ಬೇರೆ. "ಕಿವಿ, ಕಿವಿ" ಎಂದು ಅದೊಂದನ್ನೇ ನರಳುತ್ತಾರೆ. ನರ್ಸ್ ದಿನಕ್ಕೆ ಮೂರು ಸಲ ಹನಿ ಹಾಕುತ್ತಾರೆ.

ನಮ್ಮ ನೀರು ಸರಬರಾಜು ಆಫೀಸಿನ ಕಥೆ ಕೇಳು. ಪಂಪು ಕೆಟ್ಟರೆ ಹೊಸ ಮೆಕ್ಯಾನಿಕ್‌ಗಳು ಇನ್ನು ಕಂಪ್ಯೂಟರನ್ನೇ ಕೇಳಬೇಕಂತೆ. ಅದಕ್ಕೆ ಬುದ್ಧಿ ಕಲಿಸಲು ಎಲ್ಲವನ್ನೂ ಹೊಸದಾಗಿ ಬರೆಯುವುದೇಕೆ, ಇರುವುದನ್ನೇ ಬಳಸಿಕೊಳ್ಳೋಣ ಎಂದು ಸಾಹೇಬರು ಹಳೇ ಕಪಾಟು ತೆಗೆಸಿದರು. ಸಿಕ್ಕಿದ್ದು ಅಪ್ಪ ಅಲ್ಲಿ ಮೆಕ್ಯಾನಿಕ್ ಆಗಿದ್ದಾಗ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕು. ಮೂವತ್ತು ವರ್ಷದ ರಿಪೇರಿ, ಹಾಳೆಗೆಲ್ಲ ಗ್ರೀಸು. ಯಾವ ಸದ್ದಿಗೆ ಯಾವ ದೋಷ, ಅದಕ್ಕೇನು ಮದ್ದು ಎಂದು ಬಿಡಿಸಿ ಟೈಪು ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ತಿಂಗಳಿಡೀ ಅರ್ಥದ ಗೊಡವೆಗೆ ಹೋಗದೆ ಸುಮ್ಮನೆ ಕುಟ್ಟಿದೆ.

ನಿನ್ನೆ ಕಂಪ್ಯೂಟರ್ ಹುಡುಗಿ ಪರೀಕ್ಷೆ ಮಾಡಿದಳು. ಮೂರನೇ ಪಂಪು ಗೊರಗೊರ ಅಂದರೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಅದು, "ಕಿವಿ ಇಲ್ಲದಿದ್ದರೆ ದೋಷ ತಿಳಿಯುವುದಿಲ್ಲ" ಎಂದಿತು. ಅವಳು ಬಿದ್ದು ಬಿದ್ದು ನಕ್ಕಳು. "ನಿಮ್ಮಪ್ಪಂಗೆ ಕಿವಿ ಕೇಳಿಸ್ತಿರ್ಲಿಲ್ವಾ ಅಕ್ಕಾ?" ನಾನು ನೋಟ್‌ಬುಕ್ಕು ತೆರೆದೆ. "ಕಿವಿಗೆ ಕೇಳಿಸಿದೆ. ಬೇರಿಂಗ್ ಅಂದ. ಬಿಚ್ಚಿದರೆ ಬೇರಿಂಗೇ." ಇನ್ನೊಂದು ಕಡೆ, "ಕಿವಿ ಬರುವ ತನಕ ಪಂಪು ಮುಟ್ಟಬೇಡಿ." ಕಿವಿ ಅಂದರೆ ನೀನು! ಸದ್ದು ಕೇಳಿಯೇ ಪಂಪಿನ ರೋಗ ಹೇಳುತ್ತಿದ್ದ ನಿನಗೆ ಅಪ್ಪ ಇಟ್ಟ ಅಡ್ಡಹೆಸರು! ನೀನು ಹೋದ ಮೇಲೆ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಅಂದಿಲ್ಲ, ನಾನೇ ಮರೆತಿದ್ದೆ. "ನಿನ್ ಕೈಲಿ ಒಂದ್ ನಟ್ಟೂ ಬಿಗಿಯಾಗಲ್ಲ, ಹೋಗು" ಎಂದು ಎಲ್ಲರೆದುರು ನಿನಗೆ ಅಂದ ಅದೇ ಮನುಷ್ಯ, ಮಾರನೇ ದಿನ ಬರೆದಿದ್ದಾರೆ: "ಕಿವಿ ಇಲ್ಲ. ತಿಳಿಯಲಿಲ್ಲ." ಆಮೇಲಿನ ಹಾಳೆಗಳು ಖಾಲಿ. ನನಗೆ ಅಳು ತಡೆಯಲಾಗಲಿಲ್ಲ. ಹುಡುಗಿ ಗಾಬರಿಯಾಗಿ, "ತಿದ್ದೋಣ ಅಕ್ಕಾ, ಆ ಪದಕ್ಕೆ ಏನ್ ಹಾಕ್ಲಿ?" ಎಂದಳು. "ನನ್ನ ತಮ್ಮ ಅಂತ ಹಾಕು" ಎಂದೆ.

ಮೈಕೈ ಗಟ್ಟಿಯಾಗಿರಲಿ, ನೂರು ಕಾಲ ಬಾಳು.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿಯದ
ನಿನ್ನ ಅಕ್ಕ

ವಿ.ಸೂ.: ಕಾಗದ ಮಡಚುವಾಗ ಹೊಳೆಯಿತು, ನನ್ನ ಮಂಕುಬುದ್ಧಿಗೆ ಏನು ಹೇಳಲಿ! ಆಸ್ಪತ್ರೆಗೆ ಓಡಿ, ಹನಿ ಹಾಕಬೇಡಿ ಎಂದೆ. ಅಪ್ಪನ ಎರಡು ಕಿವಿಯೂ ನೆಟ್ಟಗಿವೆ. ಬಗ್ಗಿ "ಬರ್ತಾನೆ ಅಪ್ಪಾ" ಎಂದೆ. ಐದು ದಿನದಲ್ಲಿ ಮೊದಲ ಸಲ ಸುಮ್ಮನಾದರು, ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಾರೆ. ಹೆಚ್ಚು ದಿನ ಇಲ್ಲವಂತೆ. ನಿನ್ನ ಗೆಳೆಯ ಹೊರಟು ನಿಂತಿದ್ದಾನೆ. ನನ್ನನ್ನು ಸುಳ್ಳಿ ಮಾಡಬೇಡ ತಮ್ಮಾ, ಓದಿದ ಕೂಡಲೇ ಹೊರಡು.